ಬಂಕರಿನಲ್ಲಿದ್ದ ಮಗಳು, ಹಳ್ಳಿಯಲ್ಲಿದ್ದ ತಾಯಿ

ಲೆಬನಾನಿನ ದಕ್ಷಿಣದಲ್ಲಿ ಬಾಂಬು ಬೀಳತೊಡಗಿದ ವಾರದಿಂದ ನಮ್ಮ ಪಶುವೈದ್ಯರು ದಿನಕ್ಕೆರಡು ಸಲ ಬಿಪಿ ನೋಡಿಸಿಕೊಳ್ಳಲು ಬರುತ್ತಿದ್ದರು. ಸೌದಿಯ ಅಲ್ ಖರ್ಜ್ ಪಟ್ಟಣದ ಹೊರಗಿನ ದೊಡ್ಡ ಡೇರಿ ಫಾರ್ಮ್ ಅದು. ಕೆಲಸಗಾರರಿಗೆಂದು ಇಟ್ಟಿದ್ದ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ನಾನು ನರ್ಸ್, ಎಲ್ಲರ ಬಾಯಲ್ಲಿ ಬ್ರದರ್. ವೈದ್ಯರು ಐರ್ಲೆಂಡಿನವರು, ಅರವತ್ತರ ಹತ್ತಿರದ ಎತ್ತರದ ಆಳು. ಕೆರಳಿ ನಿಂತ ಹೋರಿಯ ಮುಂದೆಯೂ ಅವರು ಹಿಂದೆ ಸರಿದದ್ದನ್ನು ಯಾರೂ ಕಂಡಿರಲಿಲ್ಲ. ಈಗ ತೋಳಿಗೆ ಪಟ್ಟಿ ಸುತ್ತಿದೊಡನೆ ಇನ್ನೊಂದು ಕೈಯಿಂದ ಫೋನು ತೆಗೆದು ನೋಡುತ್ತಿದ್ದರು.

"ಎಷ್ಟಿದೆ?"

"ಬೆಳಿಗ್ಗೆಗಿಂತ ಜಾಸ್ತಿ. ಮಾತ್ರೆ ತೆಗೆದುಕೊಂಡಿರಾ?"

"ತೆಗೆದುಕೊಂಡೆ. ಫೋನಿಗೆ ಮಾತ್ರೆ ಕೊಡಲಿಕ್ಕಾಗುವುದಿಲ್ಲವಲ್ಲ."

ಅವರ ಮಗಳು ಐರ್ಲೆಂಡಿನ ಸೈನ್ಯದಲ್ಲಿದ್ದಳು. ಆರು ತಿಂಗಳ ಸರದಿಗೆಂದು ಲೆಬನಾನಿನ ಗಡಿಯ ಶಾಂತಿಪಾಲನಾ ಪಡೆಗೆ ಹೋಗಿದ್ದಳು. ಯಾರ ಪಕ್ಷಕ್ಕೂ ಸೇರದ ಪುಟ್ಟ ದೇಶ ನಿಮ್ಮದು, ನಿಮಗೆ ಸೈನ್ಯ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. "ಯಾರ ಪಕ್ಷಕ್ಕೂ ಸೇರದವರನ್ನೇ ಅಲ್ಲವೇ ನಡುವೆ ನಿಲ್ಲಿಸುವುದು? ನಾನು ಹುಡುಗನಾಗಿದ್ದ ಕಾಲದಿಂದ ನಮ್ಮೂರಿನ ಹುಡುಗರು ಆ ಗುಡ್ಡಗಳಿಗೆ ಹೋಗುತ್ತಿದ್ದಾರೆ. ಕೆಲವರು ಪೆಟ್ಟಿಗೆಯಲ್ಲಿ ವಾಪಸು ಬಂದರು," ಎಂದಿದ್ದರು. ಈಗ ಅವಳು ಹೆಚ್ಚು ಹೊತ್ತು ನೆಲದಡಿಯ ಬಂಕರಿನಲ್ಲೇ ಇರುತ್ತಿದ್ದಳು. ದಿನಕ್ಕೊಮ್ಮೆ ಎರಡು ಪದದ ಸಂದೇಶ ಬರುತ್ತಿತ್ತು: ಚೆನ್ನಾಗಿದ್ದೇನೆ ಅಪ್ಪ. ಅದು ಹತ್ತು ನಿಮಿಷ ತಡವಾದರೆ ಅವರು ಕೊಟ್ಟಿಗೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಕೊಟ್ಟಿಗೆಗೆ ಓಡಾಡುತ್ತಿದ್ದರು.

ಅದೇ ಫಾರ್ಮಿನ ಮೇವಿನ ಘಟಕವನ್ನು ನೋಡಿಕೊಳ್ಳುತ್ತಿದ್ದವನು ಲೆಬನಾನಿನ ಒಬ್ಬ ಎಂಜಿನಿಯರ್. ಎಂಜಿನಿಯರನಿಗೆ ಅರಬಿಯಲ್ಲಿ ಹೇಳುವಂತೆ ಎಲ್ಲರೂ ಅವನನ್ನು ಮುಹಂದಿಸ್ ಎಂದೇ ಕರೆಯುತ್ತಿದ್ದರು. ಅವನ ಹಳ್ಳಿ ಅದೇ ಗಡಿಯ ಗುಡ್ಡದ ಮೇಲೆ, ಐರಿಷ್ ಸೈನಿಕರ ಠಾಣೆ ಕಣ್ಣಿಗೆ ಕಾಣುವಷ್ಟು ಹತ್ತಿರ. ಇಂಗ್ಲಿಷನ್ನು ಅವನು ಚಿಕ್ಕಂದಿನಲ್ಲಿ ಆ ಸೈನಿಕರ ಬಾಯಿಂದಲೇ ಕಲಿತದ್ದಂತೆ. ಮೊದಲ ದಿನ ಅವನ ಮಾತು ಕೇಳಿ ವೈದ್ಯರು, "ಇದೇನು, ನಮ್ಮ ಪಕ್ಕದ ಮನೆಯವನ ಹಾಗೆ ಮಾತಾಡುತ್ತೀಯಲ್ಲ!" ಎಂದು ಗಟ್ಟಿಯಾಗಿ ನಕ್ಕಿದ್ದರು. ಆಮೇಲೆ ಇಬ್ಬರೂ ಮಧ್ಯಾಹ್ನದ ಊಟಕ್ಕೆ ಒಂದೇ ಮೇಜಿಗೆ ಕೂರುತ್ತಿದ್ದರು.

ಮುಹಂದಿಸನ ತಾಯಿ ಹಳ್ಳಿಯಲ್ಲಿದ್ದರು. ಬಾ ಎಂದರೆ ಬರುತ್ತಿರಲಿಲ್ಲ. ಆ ವಾರ ಅವರ ಫೋನೂ ಸತ್ತಿತು.

ಮೂರನೆಯ ದಿನ ಅವನು ತಲೆನೋವಿಗೆ ಮಾತ್ರೆ ಕೇಳಲು ಬಂದಾಗ ವೈದ್ಯರ ತೋಳಿಗೆ ನಾನು ಪಟ್ಟಿ ಸುತ್ತುತ್ತಿದ್ದೆ. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಓದಿ, "ಚೆನ್ನಾಗಿದ್ದಾಳೆ," ಎಂದು ಉಸಿರು ಬಿಟ್ಟರು.

ಮುಹಂದಿಸ್ ಬಾಗಿಲಲ್ಲೇ ನಿಂತ. "ನಿನ್ನ ಮಗಳಿಗೆ ಬಂಕರ್ ಇದೆ. ನನ್ನ ತಾಯಿಗೆ ಏನಿದೆ?"

"ಅವಳನ್ನು ಕೇಳಿ ನೋಡುತ್ತೇನೆ. ನಿನ್ನ ಹಳ್ಳಿಯ ಕಡೆ ಯಾರಾದರೂ..."

"ಏನು ಕೇಳುತ್ತೀ? ನಲವತ್ತು ವರ್ಷದಿಂದ ನಿಮ್ಮ ಸೈನಿಕರು ಮಾಡಿದ್ದೇನು? ಗೋಪುರದ ಮೇಲೆ ನಿಂತು ದುರ್ಬೀನಿನಲ್ಲಿ ನೋಡುವುದು, ನೋಡಿದ್ದನ್ನು ಬರೆದುಕೊಳ್ಳುವುದು! ಈಗಲೂ ಬರೆದುಕೊಳ್ಳುತ್ತಿರಬಹುದು."

ವೈದ್ಯರ ಮುಖ ಕೆಂಪಾಯಿತು. ಮುಹಂದಿಸ್ ಮಾತ್ರೆ ತೆಗೆದುಕೊಳ್ಳದೆ ಹೋದ. ನಾನು ಮತ್ತೆ ಪಟ್ಟಿಗೆ ಗಾಳಿ ತುಂಬಿ, ಅಂಕಿ ನೋಡಿ, ಅವರಿಗೆ ಹೇಳದೆ ಪುಸ್ತಕದಲ್ಲಿ ಬರೆದೆ.

ಅಂದಿನಿಂದ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಜೋಡಿಸಿದ ಬ್ಯಾಂಡೇಜನ್ನೇ ಮತ್ತೆ ಜೋಡಿಸುತ್ತಿದ್ದೆ. ನಮ್ಮ ಔಷಧಿ ಕೋಣೆಯವನು ಭಟ್ಕಳದವನು. ಅವನ ನವಾಯತಿ ನನಗೆ ಬಾರದು, ನನ್ನ ಬ್ಯಾರಿ ಅವನಿಗೆ ಅರ್ಥವಾಗದು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. "ಎಂತ ಮಾರಾಯ, ಬೆಳಗ್ಗಿಂದ ನೀನು ಹೀಗೆ ಸುತ್ತು ಹೊಡೀತಾ ಇದ್ರೆ ನಂಗೆ ತಲೆ ತಿರುಗ್ತದೆ. ಯುದ್ಧ ಅಲ್ಲಿ ಆಗೂದು, ನಿನ್ನದು ಎಂತ ಉಂಟು ಅಲ್ಲಿ?" ಎಂದ.

"ಎಂತದೂ ಇಲ್ಲ," ಎಂದೆ. ಆದರೆ ಇತ್ತು. ಇಲ್ಲಿಗೆ ಬರುವ ಮೊದಲು ನಾನು ನಜ್ರಾನಿನಲ್ಲಿದ್ದೆ. ಯೆಮನ್ ಗಡಿಯಾಚೆಯಿಂದ ಒಂದು ಬೆಳಿಗ್ಗೆ ಶೆಲ್ ಬಂದು ನಾವಿದ್ದ ಬೀದಿಯ ಕೊನೆಯಲ್ಲಿ ಬಿದ್ದಾಗ ಕ್ಲಿನಿಕ್ಕಿನ ಗಾಜುಗಳೆಲ್ಲ ಗಡಗಡ ಎಂದವು. ಒಂದೇ ತಿಂಗಳಲ್ಲಿ ನನಗೆ ವೀಸಾ ಕೊಟ್ಟ ಧಣಿ ಕಫೀಲನ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡೆ. ದಿನ ಬಿಟ್ಟು ದಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದ ಒಬ್ಬ ಮುದುಕನಿಗೆ ಹೋಗುತ್ತೇನೆಂದು ಹೇಳಿರಲೂ ಇಲ್ಲ. ಹೆದರಿ ಓಡುವುದು ತಪ್ಪೆಂದು ನನಗೆ ಯಾರೂ ಹೇಳಿಲ್ಲ. ಆದರೂ ಠಾಣೆ ಬಿಡದೆ ಕೂತಿದ್ದ ಆ ಹುಡುಗಿಯ ಸುದ್ದಿ ಕೇಳುವಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು.

ವೈದ್ಯರು ಮಗಳನ್ನು ಕೇಳಿಯೇಬಿಟ್ಟರು. ಅವಳ ಉತ್ತರವನ್ನು ನನಗೆ ತೋರಿಸಿದರು. ಹೊರಗೆ ಹೋಗಲು ನಮಗೆ ಆಗುತ್ತಿಲ್ಲ, ಹೋದರೂ ಕಂಡದ್ದನ್ನು ಹೇಳುವಂತಿಲ್ಲ, ದಯವಿಟ್ಟು ಇನ್ನು ಕೇಳಬೇಡ ಎಂದಿತ್ತು. "ಇದನ್ನು ಅವನಿಗೆ ಹೇಗೆ ಹೇಳಲಿ?" ಎಂದರು. ಹೇಳಲೇ ಇಲ್ಲ. ಊಟದ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಕೂತರು.

ತಾಯಿಯ ಸುದ್ದಿ ಕೊನೆಗೆ ಬಂದದ್ದು ಯಾವ ಸೈನಿಕರಿಂದಲೂ ಅಲ್ಲ. ಪಕ್ಕದ ಮನೆಯವರು ಮುದುಕಿಯನ್ನು ಬಲವಂತದಿಂದ ಗಾಡಿಗೆ ಹತ್ತಿಸಿದ್ದರು. ಅವರು ಸೈದಾ ಪಟ್ಟಣದ ಒಂದು ಶಾಲೆಯಲ್ಲಿ, ಬೆಂಚುಗಳ ನಡುವೆ ಹಾಸಿದ ಹಾಸಿಗೆಯ ಮೇಲೆ ಇದ್ದರು. ಸೋದರ ಸಂಬಂಧಿಯೊಬ್ಬನ ಕರೆ ಬಂದಾಗ ಮುಹಂದಿಸ್ ಮೇವಿನ ಘಟಕದ ಯಂತ್ರ ನಿಲ್ಲಿಸಿ, ನೆಲದ ಮೇಲೇ ಕೂತು ಅತ್ತನಂತೆ. ವೈದ್ಯರು ಅದನ್ನು ನನ್ನಿಂದ ಕೇಳಿ, "ಒಳ್ಳೆಯದಾಯಿತು, ಒಳ್ಳೆಯದಾಯಿತು," ಎಂದು ಎರಡು ಸಲ ಹೇಳಿದರು. ಹೋಗಿ ಮಾತಾಡಿಸಲು ಮಾತ್ರ ಅವರಿಗೆ ಧೈರ್ಯವಾಗಲಿಲ್ಲ.

ಕದನವಿರಾಮ ಆಯಿತು. ಸರದಿ ಮುಗಿಸಿ ಮಗಳು ಮನೆ ಸೇರಿದಳು. ಒಂದು ಮಧ್ಯಾಹ್ನ ಮುಹಂದಿಸ್ ಕ್ಲಿನಿಕ್ಕಿಗೆ ಬಂದು, ವೈದ್ಯರು ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಎದುರು ಕೂತ. "ಬ್ರದರ್, ಹಳ್ಳಿಗೆ ಇನ್ನೂ ಯಾರನ್ನೂ ಬಿಡುತ್ತಿಲ್ಲ. ಅವನ ಮಗಳು ಅಲ್ಲಿಂದ ಹೊರಡುವ ಮೊದಲು ಆ ರಸ್ತೆಯಲ್ಲಿ ಹೋಗಿರಬಹುದು. ನಮ್ಮದು ಶಾಲೆಯ ಹಿಂದಿನ ಮನೆ, ಹಸಿರು ಗೇಟು. ಸುಮ್ಮನೆ ಕೇಳಲು ಹೇಳು. ನೋಡಿದ್ದರೆ ಹೇಳಲಿ."

ವೈದ್ಯರು ಕೇಳಿದರು. ಮಗಳು ಮೊದಲು ಒಪ್ಪಲಿಲ್ಲ. ಎರಡು ದಿನ ಬಿಟ್ಟು ಅವಳೇ ಕರೆ ಮಾಡಿ, ಗಸ್ತಿನಲ್ಲಿ ಹೋಗುವಾಗ ಕಂಡದ್ದನ್ನು ಅಪ್ಪನಿಗೆ ಹೇಳಿದಳು. ಅವರು ಅದನ್ನು ದನಗಳ ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಬಂದು ನನ್ನ ಕೈಗೆ ಕೊಟ್ಟರು. "ನೀನೇ ಹೇಳಿಬಿಡು. ನಿನ್ನ ಮಾತು ಅವನು ಕೇಳುತ್ತಾನೆ."

ಓದಿದೆ. ಹಾಗೆಯೇ ಹಿಂದಕ್ಕೆ ಕೊಟ್ಟೆ. "ನಿಮ್ಮ ಮಗಳು ನೋಡಿದ್ದು ಡಾಕ್ಟರ್, ನೀವೇ ಹೇಳಬೇಕು. ನಾನು ಜೊತೆಗೆ ಬರುತ್ತೇನೆ," ಎಂದೆ. ನನಗೇ ಅಷ್ಟು ಧೈರ್ಯ ಎಲ್ಲಿಂದ ಬಂತೋ. ಭಟ್ಕಳದವನು ಒಳಗಿನಿಂದ, "ಹೋಗು ಮಾರಾಯ, ಇಲ್ಲಿ ನಾ ನೋಡ್ಕೊಳ್ತೇನೆ," ಎಂದ.

ಮೇವಿನ ಘಟಕದಲ್ಲಿ ಜೋಳದ ಧೂಳು ತುಂಬಿತ್ತು. ವೈದ್ಯರು ಟೊಪ್ಪಿ ತೆಗೆದು ನಿಂತರು. "ಶಾಲೆಯ ಒಂದು ಗೋಡೆ ಇದೆ. ಅದರ ಹಿಂದೆ ನಾಲ್ಕು ಮನೆಗಳಿದ್ದವಂತೆ. ಒಂದೂ ಉಳಿದಿಲ್ಲ. ಹಸಿರು ಗೇಟು ರಸ್ತೆಯಲ್ಲಿ ಬಿದ್ದಿತ್ತು."

ಮುಹಂದಿಸ್ ಅಲುಗಲಿಲ್ಲ. "ಅಂಗಳದ ಬಾವಿ?"

"ಗೊತ್ತಿಲ್ಲ. ಅವಳಿಗೆ ಕಾಣಲಿಲ್ಲ."

"ಸ್ಮಶಾನ? ಅಪ್ಪನ ಸಮಾಧಿ ಅಲ್ಲೇ, ಗುಡ್ಡದ ಕೆಳಗೆ."

ವೈದ್ಯರು ಚೀಟಿ ನೋಡಿದರು. "ಆ ಕಡೆ ಅವರು ಹೋಗಲಿಲ್ಲ. ನೋಡದ್ದನ್ನು ನಾನು ಹೇಗೆ ಹೇಳಲಿ?"

ನನ್ನ ಕಾಲು ಬಾಗಿಲ ಕಡೆಗೆ ಎಳೆಯುತ್ತಿತ್ತು, ಆದರೂ ನಿಂತೆ. ಕೊನೆಗೆ ಮುಹಂದಿಸ್ ಕೈ ಚಾಚಿ ಚೀಟಿ ಇಸಿದುಕೊಂಡ. "ತಿಂಗಳಿಂದ ಎಲ್ಲರೂ ಇದೆ, ಇದೆ ಎನ್ನುತ್ತಿದ್ದರು. ಸುಳ್ಳೆಂದು ನನಗೆ ಗೊತ್ತಿತ್ತು. ಅವಳು ನಿಂತು ನೋಡಿದಳಲ್ಲ. ಅವಳಿಗೆ ನನ್ನ ಸಲಾಂ ಹೇಳು."

ವೈದ್ಯರು ಅವನ ಹೆಗಲ ಮೇಲೆ ಕೈ ಇಟ್ಟರು. ಅವನು ತೆಗೆಯಲಿಲ್ಲ.

ಕೆಲವು ತಿಂಗಳ ಬಳಿಕ ಅವನು ತಾಯಿಯನ್ನು ವಿಸಿಟ್ ವೀಸಾದಲ್ಲಿ ಅಲ್ ಖರ್ಜಿಗೆ ಕರೆಸಿಕೊಂಡ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಅವರನ್ನು ನನ್ನ ಬಳಿ ಕರೆತಂದಾಗ ವೈದ್ಯರೂ ಬಂದು, ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದರು. ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅರಬಿಯಲ್ಲಿ ಏನೋ ಕೇಳಿದರು. ಮಗ ತಡವರಿಸುತ್ತ ಅನುವಾದಿಸಿದ: "ಮಗಳನ್ನು ಅಷ್ಟು ದೂರ ಯಾಕೆ ಕಳಿಸಿದೆ, ಅವಳ ತಾಯಿ ಬೇಡ ಎನ್ನಲಿಲ್ಲವೇ ಎಂದು ಕೇಳುತ್ತಿದ್ದಾಳೆ."

"ಬೇಡವೆಂದಳು," ಎಂದರು ವೈದ್ಯರು. "ಮಗಳು ಕೇಳಲಿಲ್ಲ."

ಮುದುಕಿ ತಲೆಯಾಡಿಸಿದರು. ಎ.ಸಿ. ಕೋಣೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತಂತೆ. ವೀಸಾದ ಅವಧಿ ಇನ್ನೂ ಬಾಕಿಯಿರುವಾಗಲೇ ಹಟ ಹಿಡಿದು ಲೆಬನಾನಿಗೆ ಹೊರಟುಹೋದರು. ಹಳ್ಳಿಯಲ್ಲಿ ಮನೆಯಿಲ್ಲ. ಹತ್ತಿರದ ಊರಿನಲ್ಲಿ ಬಾಡಿಗೆಗೊಂದು ಕೋಣೆ ಹಿಡಿದು, ವಾರಕ್ಕೊಮ್ಮೆ ಯಾರದೋ ಗಾಡಿಯಲ್ಲಿ ಗುಡ್ಡ ಹತ್ತಿ ಬರುತ್ತಾರೆ ಎಂದು ಮುಹಂದಿಸ್ ಹೇಳುತ್ತಾನೆ. ಅಂಥ ದಿನಗಳಲ್ಲಿ ಅವನೂ ಬಿಪಿ ನೋಡಿಸಿಕೊಳ್ಳಲು ಬರುತ್ತಾನೆ.