ಚೌಡವ್ವ ಬಿಟ್ಟುಕೊಟ್ಟ ಕೀಲಿಕೈ

ಹಲಗೇರಿಯ ಹೊರಗೆ ಕರಬಸಪ್ಪನವರ ಹತ್ತಿ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೌಡವ್ವ ಆಗಲೇ ಸಾಲಿಗೆ ಇಳಿದಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಟವೆಲು, ಕಣ್ಣೆಲ್ಲ ಗಿಡದ ಒಳಗೆ. ಒಂದೊಂದೇ ಕೊಂಬೆ ಎತ್ತಿ, ಎಲೆ ಸರಿಸಿ, ಹಿಂದೆ ಮುಂದೆ ನೋಡುತ್ತಾರೆ. ನಿನ್ನೆ ಸಂಜೆ ಹೆಂಗಸರು ಸೀಳಿದ ಮೊಗ್ಗುಗಳಿಗೆಲ್ಲ ಕೆಂಪು ಕಾಗದದ ಟೊಪ್ಪಿಗೆ ಇದೆ. ಟೊಪ್ಪಿಗೆ ಇಲ್ಲದೆ ಅರಳಿಕೊಂಡ ಹೂವು ಎಲ್ಲಾದರೂ ಕಂಡರೆ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಬದುವಿನ ಮೇಲೆ ಮರಿಯವ್ವ ಎಂಬ ಇನ್ನೊಬ್ಬ ಕೂಲಿ ಹೆಂಗಸು ಸುಮ್ಮನೆ ಕುಳಿತಿದ್ದಾರೆ. ಅವರ ಕೆಲಸ ಶುರುವಾಗಲು ಇನ್ನೂ ಒಂದು ತಾಸು ಇದೆ. ಪಗಾರವಿಲ್ಲದ ಈ ಒಂದು ತಾಸಿಗೆ ಅವರು ಎರಡು ವರ್ಷದಿಂದ ದಿನಾ ಬರುತ್ತಿದ್ದಾರೆ.

ರಾಣೆಬೆನ್ನೂರು ಸೀಮೆಯಲ್ಲಿ ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೈಬ್ರಿಡ್ ಹತ್ತಿಬೀಜ ತಯಾರಾಗುವುದು ಇದರಿಂದಲೇ. ಸಂಜೆ ಹೆಣ್ಣು ಸಾಲಿನ ಮೊಗ್ಗನ್ನು ಉಗುರಿನಿಂದ ಸೀಳಿ, ಒಳಗಿನ ಪರಾಗದ ಕೇಸರ ತೆಗೆದು, ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸಿ ದಾರ ಕಟ್ಟಬೇಕು. ಯಾರೋ ಒಬ್ಬಳು ಬೇಸರಕ್ಕೆ ಮೊಗ್ಗು ಬಿಟ್ಟುಬಿಟ್ಟರೆ ಅದು ತನ್ನಷ್ಟಕ್ಕೆ ಕಾಯಿ ಕಟ್ಟಿ ಬೀಜ ಬೆರಕೆಯಾಗುತ್ತದೆ, ಕಂಪನಿ ಇಡೀ ಮಾಲನ್ನು ವಾಪಸು ಕಳಿಸುತ್ತದೆ. ಹಾಗಾಗಿ ಇಪ್ಪತ್ತು ಹೆಂಗಸರ ಬೆನ್ನ ಹಿಂದೆ ಅನುಮಾನಪಡುತ್ತ ಹೋಗಲು ಒಬ್ಬರು ಬೇಕು. ಹತ್ತಾರು ವರ್ಷಗಳಿಂದ ಆ ಒಬ್ಬರು ಚೌಡವ್ವ. “ನಾ ಯಾರನ್ನೂ ನಂಬಂಗಿಲ್ರಿ. ನಂಬಿದ್ನಿ ಅಂದ್ರ ನನ್ನ ಕೆಲಸ ಹೋಗ್ತೈತಿ” ಎನ್ನುತ್ತಾರೆ ಅವರು.

ಮಾತಿಗೆ ತಕ್ಕ ಹಾಗೆಯೇ ಇದ್ದಾರೆ ಕೂಡ. ಪತ್ರಿಕೆಯಿಂದ ಬಂದವರ ಗುರುತಿನ ಚೀಟಿ ಕೇಳಿ ಪಡೆದು, ಅದರಲ್ಲಿನ ಫೋಟೊವನ್ನು ಮುಖದ ಪಕ್ಕ ಹಿಡಿದು ಹೋಲಿಸಿ ನೋಡಿದ ಮೇಲೆಯೇ ಕೂರಲು ಚೀಲ ಹಾಸಿದರು. ಗಂಡ ಹೇಮಪ್ಪ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಮದುವೆಯಾದ ಹೊಸತರಲ್ಲಿ ಅವರ ಅಂಗಿಯ ಕಿಸೆಯನ್ನೂ ಬಿಡದೆ ತಪಾಸಣೆ ಮಾಡುತ್ತಿದ್ದರಂತೆ. ಸಿಕ್ಕಿದ್ದು ಬರೀ ಮೆಣಸಿನಬೀಜ.

ಹೊಲದ ಮೂಲೆಯಲ್ಲಿ, ಬೆಳೆಗೆ ಹೊಡೆಯುವ ಔಷಧ ಇಡುವ ತಗಡಿನ ಕೋಣೆ ಇದೆ. ಅದರ ಕೀಲಿಕೈಯನ್ನು ಕರಬಸಪ್ಪ ಒಂದು ದಿನ ಎಲ್ಲರ ಎದುರು ಕರೆದು ಚೌಡವ್ವನ ಕೈಗೆ ಕೊಟ್ಟಿದ್ದರು. ಯಾರ ಸೊಂಟದಲ್ಲಿ ಆ ಕೀಲಿಕೈ ಇರುತ್ತದೋ ಅವರೇ ಮೇಸ್ತ್ರಿ ಎಂಬುದು ಹೊಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಚೌಡವ್ವ ಮಲಗುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, 2007ರ ಹಂಗಾಮಿನಲ್ಲಿ ಅವರ ನಿದ್ದೆ ಹೋಯಿತು. ಊಟ ಸಪ್ಪೆಯಾಯಿತು. ನಸುಕಿನಲ್ಲಿ ಒಬ್ಬರೇ ಸಾಲು ನೋಡುವಾಗ, ಇನ್ನು ಸಾಕು, ಹೋಗಿಬಿಡೋಣ ಎಂಬ ವಿಚಾರ ಬರತೊಡಗಿತು. ಮೊದಮೊದಲು ಬಂದು ಹೋಗುತ್ತಿತ್ತು. ಆಮೇಲೆ ಬಂದದ್ದು ಹೋಗಲೇ ಇಲ್ಲ. “ಯಾಕ ಅಂತ ಕೇಳಿದ್ರ ಏನ್ ಹೇಳ್ಲಿರಿ. ಗಂಡ ಕುಡಿಯಂಗಿಲ್ಲ, ಬಡಿಯಂಗಿಲ್ಲ. ಮಗಳು ಗಂಡನ ಮನಿಯಾಗ ಛಲೋ ಅದಾಳ. ಕಾರಣ ಇಲ್ಲದ ದುಃಖ ಅಂತ ನನಗ ಭಾಳ ನಾಚಿಕಿ ಆಗಿತ್ತು.” ಮನೆಯಲ್ಲಿ ಕಣ್ಣು ತುಂಬಿ ಬಂದರೆ ಗಂಡನ ಅಂಗಿಯ ಕಡೆ ಕೈ ತೋರಿಸಿ, ಮೆಣಸಿನ ಘಾಟು ಎಂದುಬಿಡುತ್ತಿದ್ದರು. ಬ್ಯಾಡಗಿಯ ಹಮಾಲನ ಹೆಂಡತಿ ಅಳುವುದಕ್ಕೆ ಬೇರೆ ನೆವ ಹುಡುಕಬೇಕಾಗಿರಲಿಲ್ಲ.

ತಲೆನೋವೆಂದು ರಾಣೆಬೆನ್ನೂರಿನ ದವಾಖಾನೆಗೆ ಹೋದಾಗ ಡಾಕ್ಟರು ನಾಲ್ಕು ಮಾತು ಕೇಳಿ, ಓಣಿಯಂಥ ಹಾದಿಯ ಕೊನೆಯ ಕೋಣೆಗೆ ಕಳಿಸಿದರು. ಆ ಕೋಣೆಗೆ ಬೋರ್ಡು ಇರಲಿಲ್ಲ. ಮನಸ್ಸಿನ ಕಾಯಿಲೆ ಎಂದು ಬರೆದರೆ ಯಾರೂ ಒಳಗೆ ಕಾಲಿಡುವುದಿಲ್ಲವೆಂದು ತೆಗೆಸಿದ್ದರಂತೆ. ಒಳಗೆ ಹಾವೇರಿಯಿಂದ ಗುರುವಾರ ಮಾತ್ರ ಬರುವ ಆಪ್ತ ಸಲಹೆಗಾರ್ತಿ ಪುಷ್ಪಲತಾ ಕುಳಿತಿದ್ದರು. ಹೆಗಲ ಚೀಲ, ಕೈಯಲ್ಲಿ ಪೆನ್ನು. ಏನು ಕೆಲಸ, ಜೊತೆಗೆ ಎಷ್ಟು ಜನ, ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಕೇಳಿದರು. ಚೌಡವ್ವನಿಗೆ ಎಲ್ಲ ತಿಳಿದುಹೋಯಿತು. ಆಗ ಬೀಜದ ಹೊಲಗಳಿಗೆ ಬಾಲಕಾರ್ಮಿಕರನ್ನು ಹುಡುಕುವ ಅಧಿಕಾರಿಗಳು ಬರುತ್ತಿದ್ದರು. ಚೀಲ ಹಾಕಿಕೊಂಡು ನಯವಾಗಿ ಮಾತಾಡುವ ಹೆಂಗಸು ಬಂದರೆ ಏನು ಹೇಳಬೇಕೆಂದು ಮೇಸ್ತ್ರಿಗಳಿಗೆಲ್ಲ ಹೊಲದ ಮಾಲೀಕರು ಬಾಯಿಪಾಠ ಮಾಡಿಸಿದ್ದರು.

ಅಷ್ಟರಲ್ಲಿ ಪುಷ್ಪಲತಾ ಪೆನ್ನು ಕೆಳಗಿಟ್ಟು, ಒಮ್ಮೊಮ್ಮೆ ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದರು.

“ನಮ್ಮ ಹೊಲದಾಗ ಸಣ್ಣ ಮಕ್ಕಳು ಇಲ್ರಿ. ಎಲ್ಲಾರೂ ಹದಿನೆಂಟು ದಾಟ್ಯಾರ” ಎಂದರು ಚೌಡವ್ವ.

ಪುಷ್ಪಲತಾ ನಗಲಿಲ್ಲ. “ನಾ ಹೊಲದ ಬಗ್ಗೆ ಕೇಳಿಲ್ಲ ಚೌಡವ್ವ. ನಿಮ್ಮ ಬಗ್ಗೆ ಕೇಳೇನಿ” ಎಂದರು. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಿಮಗೆ ಹೇಳಿಯೇ ನಿಮ್ಮವರನ್ನು ಕರೆಸುತ್ತೇನೆ ಎಂದೂ ಹೇಳಿದರು. ಚೌಡವ್ವ ಎದ್ದು ಬಂದುಬಿಟ್ಟರು. ಈಕೆಯ ಬಾಯಿಗೆ ಯಾರು ಜಾಮೀನು? ಸಾಯುವ ಮಾತಾಡಿದವರ ಮೇಲೆ ಪೊಲೀಸರು ಕೇಸು ಹಾಕುತ್ತಾರೆಂದು ಎಲ್ಲೋ ಕೇಳಿದ್ದರು. ಕರಬಸಪ್ಪನ ಕಿವಿಗೆ ಬಿದ್ದರೆ ಕೀಲಿಕೈ ಅವತ್ತೇ ಹೋಗುತ್ತಿತ್ತು.

ಆದರೂ ಮುಂದಿನ ಗುರುವಾರ ಹೋದರು. ಹೋದದ್ದು ಪುಷ್ಪಲತಾ ಅವರನ್ನೇ ತಪಾಸಣೆ ಮಾಡಲು. ಹೊರಗಿನ ಬೆಂಚಿನ ಮೇಲೆ ಕುಳಿತು, ಒಳಗೆ ಹೋದವರ ಮುಖ ಹೊರಗೆ ಬರುವಾಗ ಹೇಗಿರುತ್ತದೆಂದು ನೋಡಿದರು. ತಮ್ಮ ಸರದಿ ಬಂದಾಗ ಒಂದು ಸುಳ್ಳು ಹೇಳಿದರು. ಮುಂದಿನ ಹಂಗಾಮಿಗೆ ಕರಬಸಪ್ಪನ ಹೊಲ ಬಿಟ್ಟು ಕುಮಾರಪಟ್ಟಣದ ಕಡೆ ಹೋಗುತ್ತೇನೆ, ಯಾರಿಗೂ ಹೇಳಬೇಡಿ ಎಂದರು. ಹಲಗೇರಿಯಲ್ಲಿ ಒಬ್ಬರ ಮನೆಯಲ್ಲಿ ಪಾತ್ರೆ ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಈ ಮಾತೇನಾದರೂ ಕೋಣೆಯ ಹೊಸ್ತಿಲು ದಾಟಿದರೆ ಕರಬಸಪ್ಪ ಬಂದು ಕೇಳದೆ ಇರುತ್ತಿರಲಿಲ್ಲ.

ಒಂದು ವಾರವಾಯಿತು, ಇನ್ನೊಂದು ವಾರವೂ ಮುಗಿಯುತ್ತ ಬಂತು. ಕರಬಸಪ್ಪ ದಿನಾ ಹೊಲಕ್ಕೆ ಬಂದರು, ಹತ್ತಿಯ ಮಾತಾಡಿದರು, ಹೋದರು. ಮರಿಯವ್ವನನ್ನು ಚೌಡವ್ವ ಸುತ್ತಿ ಬಳಸಿ ಕೇಳಿದರೂ ಏನೂ ಸಿಗಲಿಲ್ಲ. ಚೌಡವ್ವನಿಗೆ ಸೋತ ಹಾಗೂ ಆಯಿತು, ಎದೆ ಹಗುರಾದ ಹಾಗೂ ಆಯಿತು. ಮರುದಿನ ಗುರುವಾರವಿತ್ತು. ಬಸ್ಸಿನಿಂದ ಇಳಿದವರು ನೇರ ಆ ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದರು: “ಹೌದ್ರಿ. ನನಗ ಸಾಯಬೇಕು ಅನ್ನಿಸ್ತೈತಿ. ದಿನಾ ನಸುಕಿನ್ಯಾಗ, ಸಾಲಿನಾಗ ಒಬ್ಬಾಕಿ ಇದ್ದಾಗ.”

ಬುದ್ಧಿಮಾತು ಬರುತ್ತದೆಂದು ಕಾದರು. ಬರಲಿಲ್ಲ. ಪುಷ್ಪಲತಾ ಕುರ್ಚಿ ಹತ್ತಿರ ಎಳೆದುಕೊಂಡು, “ಹೇಳಿದ್ದು ಛಲೋ ಆತು. ಇನ್ನ ಮ್ಯಾಲೆ ಇದನ್ನ ನೀವೊಬ್ರ ಹೊತ್ಕೊಂಡು ಅಡ್ಡಾಡೋದು ಬ್ಯಾಡ” ಎಂದರು. ಎಷ್ಟು ದಿನದಿಂದ, ಯಾವಾಗ ಹೆಚ್ಚಾಗುತ್ತದೆ, ಆಗ ಹತ್ತಿರ ಯಾರಿರುತ್ತಾರೆ ಎಂದು ಒಂದೊಂದೇ ಬಿಡಿಸಿ ಕೇಳಿದರು. ಸೊಂಟದಲ್ಲಿನ ಕೀಲಿಕೈಯ ಮಾತೂ ಬಂತು. ಚೌಡವ್ವ ಅವತ್ತು ಘಾಟಿನ ನೆವವಿಲ್ಲದೆ ಅತ್ತರು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅವನ್ನು ಎರಡು ಔಷಧದ ಅಂಗಡಿಗಳಲ್ಲಿ ತೋರಿಸಿ, ಎರಡೂ ಕಡೆ ಒಂದೇ ಉತ್ತರ ಬಂದ ಮೇಲೆ ನುಂಗಿದರು.

ಎದ್ದು ಹೊರಡುವಾಗ ಪುಷ್ಪಲತಾ ಇನ್ನೊಂದು ಮಾತು ಹೇಳಿದರು. ಆ ತಗಡಿನ ಕೋಣೆಯ ಕೀಲಿಕೈ ಸ್ವಲ್ಪ ಕಾಲ ಬೇರೆಯವರ ಹತ್ತಿರ ಇರಲಿ. ಅಷ್ಟು ಕೇಳಿದ್ದೇ ತಡ, ಚೌಡವ್ವನ ಅನುಮಾನ ಮತ್ತೆ ಎದ್ದು ಕುಳಿತಿತು. ಕರಬಸಪ್ಪ ಹಿಂದಿನಿಂದ ಹೇಳಿಸಿರಬಹುದೇ? ತಮ್ಮ ಸುಳ್ಳು ಅವರಿಗೆ ಮುಟ್ಟಿ, ಹೀಗೆ ನಯವಾಗಿ ಕೆಳಗಿಳಿಸುತ್ತಿರಬಹುದೇ? ಕೀಲಿಕೈ ಬಿಗಿಯಾಗಿ ಹಿಡಿದುಕೊಂಡೇ ಮನೆಗೆ ಬಂದರು.

ಅವತ್ತು ರಾತ್ರಿ ಗಂಡನಿಗೆ ಎಲ್ಲ ಹೇಳಿದರು. ಹೇಮಪ್ಪ ತಮ್ಮ ಅಂಗಿಯ ತುದಿ ಹಿಡಿದು ಮುಂದೆ ಚಾಚಿದರು. “ಮೂಸಿ ನೋಡು. ನಿನ್ನ ಕಣ್ಣಿಗೆ ತ್ರಾಸು ಆಗ್ತೈತಿ ಅಂತ ಎರಡು ತಿಂಗಳಾತು, ಪ್ಯಾಟಿಯಾಗ ಜಳಕಾ ಮಾಡಿ, ಬ್ಯಾರೆ ಅಂಗಿ ಹಾಕ್ಕೊಂಡು ಬರಾಕತ್ತೇನಿ. ಆದ್ರೂ ನೀ ಘಾಟು ಅಂತಿದ್ದಿ. ಕೇಳಾಕ ಧೈರ್ಯ ಆಗಲಿಲ್ಲ ನನಗ.”

ಕಿಸೆ ಬಿಡದೆ ನೋಡುತ್ತಿದ್ದ ಚೌಡವ್ವ ಇದೊಂದನ್ನು ನೋಡಿರಲಿಲ್ಲ. ಮರುದಿನ ಹೇಮಪ್ಪ ಪೇಟೆಗೆ ಹೋಗದೆ ಹೊಲದವರೆಗೂ ಜೊತೆಗೆ ನಡೆದು ಬಂದರು. ಬದುವಿನ ಮೇಲೆ ಮರಿಯವ್ವ ಸಿಕ್ಕಾಗ ಚೌಡವ್ವ ಕೀಲಿಕೈ ಬಿಚ್ಚಿ ಕೊಟ್ಟರು. ಯಾಕೆಂದು ಕೇಳಿದಾಗ ಏನೋ ಒಂದು ನೆವ ಹೇಳಬಹುದಿತ್ತು. ಅವರು ಹೇಳಿದ್ದು: “ನನ್ನ ಹತ್ರ ಇದ್ರ ನನಗ ಅಂಜಿಕಿ ಆಗ್ತೈತಿ, ಮರಿಯವ್ವ.” ಮರಿಯವ್ವ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ನಸುಕಿನಲ್ಲಿ ಎಷ್ಟು ಹೊತ್ತಿಗೆ ಬರುತ್ತೀ ಎಂದಷ್ಟೇ ಕೇಳಿದರು. ಮರುದಿನದಿಂದ ಅವರೂ ಅದೇ ಹೊತ್ತಿಗೆ ಬರುತ್ತಿದ್ದಾರೆ.

ಕರಬಸಪ್ಪನಿಗೆ ವಿಷಯವನ್ನು ಚೌಡವ್ವನೇ ತಿಳಿಸಿದರು. ಸಾಲು ನೋಡುವ ಕಣ್ಣು ನಿನ್ನದೇ ಇರಲಿ, ಕೀಲಿಕೈ ಯಾರ ಹತ್ತಿರವಾದರೂ ಇರಲಿ ಎಂದರಂತೆ ಅವರು. ಚೌಡವ್ವ ಈಗಲೂ ಮೇಸ್ತ್ರಿ. ನಿದ್ದೆ ಬರುತ್ತದೆ, ರೊಟ್ಟಿ ರುಚಿಸುತ್ತದೆ. ಆ ವಿಚಾರ ಯಾವಾಗಾದರೊಮ್ಮೆ ಇಣುಕುತ್ತದೆ, ಆಗ ಬದುವಿನ ಕಡೆ ನೋಡಿ ಒಂದು ಕೂಗು ಹಾಕುತ್ತಾರೆ. ತಿಂಗಳಿಗೊಮ್ಮೆ ಆ ಬೋರ್ಡಿಲ್ಲದ ಕೋಣೆಗೆ ಹೋಗಿಬರುತ್ತಾರೆ. ಕೀಲಿಕೈ ವಾಪಸು ಇಟ್ಟುಕೊಳ್ಳಬಹುದು ಎಂದು ಈ ಸಲ ಪುಷ್ಪಲತಾ ಹೇಳಿದರೂ ಚೌಡವ್ವ ಒಪ್ಪಿಲ್ಲ. “ಇರ್ಲಿ ತಗೋರಿ. ನನ್ನ ಮ್ಯಾಲಿನ ತಪಾಸಣಿ ಇನ್ನೂ ಮುಗಿದಿಲ್ಲ” ಎನ್ನುತ್ತಾರೆ.

ಬಿಸಿಲೇರಿದೆ. ಹೆಂಗಸರು ಗಂಡು ಹೂವಿನ ಬುಟ್ಟಿ ಹಿಡಿದು ಸಾಲಿಗೆ ಇಳಿಯುತ್ತಿದ್ದಾರೆ. ಪತ್ರಿಕೆಯಲ್ಲಿ ಹೆಸರು ಬದಲಿಸಿ ಹಾಕುತ್ತೇವೆ ಎಂದರೆ ಚೌಡವ್ವ ಕೈಯಲ್ಲಿನ ದಾರ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಾರೆ.

“ಬ್ಯಾರೆ ಹೆಸರು ಹಾಕಿದ್ರ ಊರ ಮಂದಿ ಈ ಸಾಲಿನಾಗ ಯಾರಾಕಿ ಅಂತ ಒಬ್ಬೊಬ್ರ ಮಾರಿ ನೋಡ್ತಾರ. ಪಾಪ, ಅವರ ಮ್ಯಾಲ ಯಾಕ ಅನುಮಾನ? ಚೌಡವ್ವ ಅಂತನ ಬರೀರಿ.”