ಮರೆತವರಿಗಷ್ಟೇ ಕೇಳುವ ದನಿ

ಬೆಳಗಿನ ಜಾವ. ಪುರಸಭೆಯ ರಂಗಮಂದಿರದಲ್ಲಿ ಒಂದೇ ದೀಪ ಉರಿಯುತ್ತಿದೆ. ವೇದಿಕೆಯ ಬಲಬದಿಯ ಪರದೆ ಮರೆಯಲ್ಲಿ, ಮೊಣಕಾಲ ಮೇಲೆ ನಾಟಕದ ಪ್ರತಿ ಇಟ್ಟುಕೊಂಡು ಆಕೆ ಕುಳಿತಿದ್ದಾರೆ. ಸಾಲುಗಳ ಕೆಳಗೆ ತೋರುಬೆರಳು ಮೆಲ್ಲಗೆ ಸರಿಯುತ್ತಿದೆ. ರಾಜನ ಪಾತ್ರದ ಬಸ್ ಚಾಲಕ ಖಾಕಿಯಲ್ಲೇ ಬಂದಿದ್ದಾರೆ, ತಾಲೀಮು ಮುಗಿಸಿ ಡಿಪೋಗೆ ಓಡಬೇಕು. ಮಾತಿನ ನಡುವೆ ಅವರು ಗಕ್ಕನೆ ನಿಲ್ಲುತ್ತಾರೆ. ಆಕೆ ತುಟಿ ಬಿಚ್ಚುವುದಿಲ್ಲ. ಚಾಲಕ ಎಡಕ್ಕೆ ಕಿವಿಗೊಟ್ಟು, ತಲೆಯಾಡಿಸಿ, ಮುಂದಿನ ಸಾಲನ್ನು ತಪ್ಪಿಲ್ಲದೆ ಹೇಳುತ್ತಾರೆ.

ಎಡಬದಿಯಲ್ಲಿ ಯಾರೂ ಇಲ್ಲ. ಹಳೆಯ ಪರದೆಗಳ ರಾಶಿ, ಅದರ ಹಿಂದೆ ಇಟ್ಟಿಗೆ ಗೋಡೆ, ಅಷ್ಟೆ.

ಊರಿಗೆಲ್ಲ ಆಕೆ ಪಿಸುಮಾತಿನಕ್ಕ. ಪುರಸಭೆಯ ಸಮುದಾಯ ನಾಟಕಕ್ಕೆ ಹದಿನೆಂಟು ವರ್ಷದಿಂದ ಪ್ರಾಂಪ್ಟರ್. ನಟರು ಮಾತು ಮರೆತಾಗ ಮರೆಯಿಂದ ಒಂದೆರಡು ಪದ ಎತ್ತಿಕೊಡುವುದು ಕೆಲಸ. ನಲ್ಲಿ ನೀರಿಗಾಗಿ ಮೇಲಿನ ಬೀದಿಯವರೂ ಕೆಳಗಿನ ಬೀದಿಯವರೂ ಕೈಕೈ ಮಿಲಾಯಿಸಿದ ವರ್ಷ ಪುರಸಭೆ ಈ ನಾಟಕ ಶುರು ಮಾಡಿತು. ಎರಡೂ ಬೀದಿಯಿಂದ ಸಮಸಮ ಪಾತ್ರಧಾರಿಗಳಿರಬೇಕು ಎಂಬುದು ನಿಯಮ.

“ಮೊದಲನೇ ವರ್ಷ ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ” ಎನ್ನುತ್ತಾರೆ ಆಕೆ. “ಬೈದಾಡೋ ದೃಶ್ಯ ಮಾತ್ರ ಸೊಗಸಾಗಿ ಬರ್ತಿತ್ತು. ಅಲ್ಲಿ ನನ್ನ ಅಗತ್ಯಾನೇ ಬೀಳ್ತಿರ್ಲಿಲ್ಲ.”

ಇಷ್ಟು ಕೇಳಿಸಿಕೊಳ್ಳಲು ಆಕೆಯ ಬಾಯಿಯ ಹತ್ತಿರ ಕಿವಿ ಇಡಬೇಕು. ಕಳೆದ ವರ್ಷ ಗಂಟಲಲ್ಲಿ ಗಡ್ಡೆ ಎಂದರು, ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಉಳಿದಿರುವುದು ಬರೀ ಗಾಳಿ. ಅದು ಎರಡು ಮಾರು ದೂರ ಹೋಗುವುದಿಲ್ಲ. ಪುರಸಭೆಯ ಸಾಂಸ್ಕೃತಿಕ ಅಧಿಕಾರಿ ಮನೆಗೇ ಬಂದು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಯವಾಗಿ ಹೇಳಿದರು. ಈ ವರ್ಷವೊಂದು ನೋಡೋಣ ಎಂದು ಆಕೆ ಕೈಸನ್ನೆಯಲ್ಲೇ ಕೇಳಿಕೊಂಡರು. ಆ ಮೂಲೆ ಬಿಟ್ಟರೆ ಆಕೆಗೆ ಬೇರೆ ಜಾಗ ಗೊತ್ತಿಲ್ಲ.

ಮೊದಲ ತಾಲೀಮಿನಲ್ಲಿ ಮಂತ್ರಿಯ ಪಾತ್ರದ ಕ್ಷೌರಿಕ ಮಾತು ಮರೆತರು. ಆಕೆ ಬಾಯಿ ತೆರೆದರು, ಗಾಳಿ ಬಂತು. ಆದರೂ ಕ್ಷೌರಿಕ ಸಾಲು ಹಿಡಿದರು. ಚಹಾ ಹೊತ್ತಿನಲ್ಲಿ ಬಂದು, “ದನಿ ವಾಪಸ್ ಬಂತಲ್ಲಕ್ಕ, ಬಾಯಿ ಸಿಹಿ ಮಾಡ್ಸಲ್ವಾ?” ಎಂದರು. ಗೇಲಿ ಎಂದುಕೊಂಡು ಆಕೆ ಮುಖ ತಿರುಗಿಸಿದರು. ಮರುದಿನ ಚಾಲಕರದೂ ಅದೇ ಮಾತು: “ಹಳೇ ದನಿ ಅಕ್ಕ, ನಿಮ್ದೇ. ಆದ್ರೆ ಆ ಕಡೆ ಹೋಗಿ ಯಾಕೆ ಕೂತಿದ್ರಿ?”

ಧ್ವನಿವರ್ಧಕದವರು ಎಡಬದಿಯನ್ನೆಲ್ಲ ತಡಕಾಡಿದರು. ಒಂದು ತಂತಿಯೂ ಸಿಗಲಿಲ್ಲ. ಮೊಬೈಲಿನಲ್ಲಿ ಧ್ವನಿಮುದ್ರಿಸಿದರೆ ಕೇಳಿದ್ದು ಇಷ್ಟೆ: ನಟ ನಿಲ್ಲುತ್ತಾರೆ, ಹಾಳೆ ಮಗುಚಿದ ಸದ್ದು, ನಟ ಮುಂದುವರಿಯುತ್ತಾರೆ.

ಈ ವರ್ಷವಷ್ಟೇ ತಂಡ ಸೇರಿದ ನರ್ಸ್ ಒಬ್ಬರಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುಂಚಿನ ದನಿಯನ್ನು ಅವರು ಕೇಳಿದವರೇ ಅಲ್ಲ. ತಮಗೆ ಕೇಳಿಸಿದ್ದನ್ನು ಒಂದು ದಿನ ಅಣಕಿಸಿ ತೋರಿಸಿದರು. ಮೊದಲು ಸಣ್ಣಗೆ ಎರಡು ಸಲ ಗಂಟಲು ಸರಿಮಾಡಿಕೊಂಡರು, ಆಮೇಲೆ ಕೊನೆಯ ಅಕ್ಷರವನ್ನು ಕೊಂಚ ಎಳೆದು ಒಂದು ಪದ. ಚಹಾದ ಫ್ಲಾಸ್ಕ್ ತಂದಿದ್ದ ಅಕ್ಕನ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. “ಮನೇಲಿ ನನ್ನನ್ನ ಹಾಗೇ ಕರೀತಿದ್ದಿದ್ದು” ಎಂದಷ್ಟೇ ಹೇಳಿ ಹೊರಗೆ ಹೋದರು.

ಆಮೇಲೆ ಆಕೆಗೆ ಸುಮ್ಮನಿರಲಾಗಲಿಲ್ಲ. ಅಧಿಕಾರಿಯ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಸಂಬಳ ತಗೊಳ್ಳೋದು ನಾನು, ಕೆಲಸ ಮಾಡೋದು ಇನ್ಯಾರೋ. ಸರಿಯಲ್ಲ ಅಲ್ವಾ?”

ಅಧಿಕಾರಿ ನಗಲಿಲ್ಲ, ನಂಬಲೂ ಇಲ್ಲ. ಮರುದಿನ ಆಕೆಯನ್ನು ಮನೆಯಲ್ಲಿರಲು ಹೇಳಿ, ಪ್ರತಿ ಹಿಡಿದು ತಾವೇ ಆ ಮೂಲೆಯಲ್ಲಿ ಕುಳಿತರು. ಚಾಲಕ ಎಂದಿನ ಸಾಲಿನಲ್ಲೇ ಗಕ್ಕನೆ ನಿಂತರು, ಎಡಕ್ಕೆ ನೋಡಿದರು. ಅಲ್ಲಿಂದ ಮಾತು ಬರಲಿಲ್ಲ. ವೇದಿಕೆ ಮೇಲಿದ್ದವರೆಲ್ಲ ಎಡಕ್ಕೆ ತಿರುಗಿದರು. ಅಧಿಕಾರಿ ಗಟ್ಟಿಯಾಗಿಯೇ ಸಾಲು ಓದಿದರು. ಯಾರಿಗೂ ಮುಂದುವರಿಯಲಾಗಲಿಲ್ಲ.

“ನಾನು ಇಂಥದ್ದನ್ನೆಲ್ಲ ನಂಬೋನಲ್ಲ” ಎನ್ನುತ್ತಾರೆ ಅವರು ಈಗ. “ಆದ್ರೆ ಆ ಕಡೆ ಯಾರೋ ಉಸಿರು ಬಿಗಿಹಿಡಿದು ಕೂತ ಹಾಗಿತ್ತು. ಅಕ್ಕ ಬಂದಿಲ್ಲ ಅಂತ ಕಾಯೋ ಹಾಗೆ.” ಅಂದು ಸಂಜೆಯೇ ಆಕೆಗೆ ಹೇಳಿಕಳುಹಿಸಿದರು: ನಾಳೆಯಿಂದ ಬನ್ನಿ, ನೀವಿರುವಷ್ಟು ಕಾಲ ಆ ಮೂಲೆ ನಿಮ್ಮದೇ.

ಜಾಗ ಉಳಿಯಿತು. ಆದರೆ ತಂಡದಲ್ಲಿ ಆ ದನಿ ಕೇಳದೆ ಉಳಿದವರು ಆಕೆಯೊಬ್ಬರೇ. ಅದು ಮರೆತವರಿಗಷ್ಟೇ ಕೇಳುತ್ತದೆ. ಆಕೆಗೆ ಎಲ್ಲರ ಮಾತೂ ಬಾಯಿಪಾಠ. ರಾಜಮಾತೆಯ ಪಾತ್ರದವರು ಜ್ವರದಲ್ಲಿ ಮಲಗಿದ್ದಾಗ ತಾಲೀಮಿನಲ್ಲಿ ಆಕೆಯೇ ಬದಲಿಗೆ ನಿಂತು ತುಟಿ ಆಡಿಸಿದರು. ನಡುವೆ ಬೇಕೆಂದೇ ನಿಲ್ಲಿಸಿ, ಎಡಕ್ಕೆ ಕಿವಿಗೊಟ್ಟರು. ಏನೂ ಬರಲಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಆಕೆ ನಗುತ್ತಾರೆ. ಆ ನಗುವಿಗೂ ಸದ್ದಿಲ್ಲ. “ಒಂದೇ ಒಂದು ಸಾಲು ನಿಜವಾಗಿ ಮರೀಬೇಕು. ಮರೆತ ಹಾಗೆ ನಟಿಸಿದ್ರೆ ಅದು ಮೋಸ ಹೋಗಲ್ಲ” ಎನ್ನುತ್ತಾರೆ. ಉಸಿರು ಕೂಡಿಸಿಕೊಂಡು ಸೇರಿಸುತ್ತಾರೆ: “ನನ್ನ ದನಿ ಅಲ್ವಾ, ಅದಕ್ಕೆ ನಾನು ಗೊತ್ತು.”