ನಸುಕಿನ ನೀರು

ನಲ್ಲಿ ತಿರುಗಿಸಿದರೆ ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಒಂದು ಚೊಂಬಿನಷ್ಟು ಕೆಂಪು ನೀರು. ಇವತ್ತು ಬೆಳಿಗ್ಗೆ ಆ ತುಕ್ಕಿನ ವಾಸನೆ ಬಂದಾಗ ಪೌರನೀತಿ ಟೀಚರ್ ನೆನಪಾದರು.

ತೊಂಬತ್ತರ ದಶಕದ ಕೊನೆ. ಹೊಸ ತಿಪ್ಪಸಂದ್ರದ ಕನ್ನಡ ಶಾಲೆಯಲ್ಲಿ ನಾನು ಎಂಟನೆಯ ತರಗತಿ. ಟೀಚರ್ ಮುಖ ಈಗ ಅಷ್ಟು ಸ್ಪಷ್ಟವಿಲ್ಲ… ಬಿಸಿಲಿರಲಿ ಮೋಡವಿರಲಿ, ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ಬರುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದೆ.

ನನ್ನ ಪಕ್ಕ ಕೂರುತ್ತಿದ್ದ ಶರಣಮ್ಮನ ಮನೆಯವರು ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳು ದಿನ ಬಿಟ್ಟು ದಿನ ತಡವಾಗಿ ಬರುತ್ತಿದ್ದಳು. ಇನ್ನೊಮ್ಮೆ ತಡವಾದರೆ ಶಾಲೆಗೇ ಬರಬೇಡ ಎಂದು ಹೆಡ್‌ಮಾಸ್ಟರ್ ಹೇಳಿಬಿಟ್ಟಿದ್ದರು.

"ಯಾಕೆ ಲೇಟು?" ಟೀಚರ್ ಕೇಳಿದರು.

"ನಿದ್ದೆ ಟೀಚರ್, ನಿದ್ದೆ!" ಹಿಂದಿನ ಬೆಂಚಿನವರು ನಕ್ಕರು.

ಶರಣಮ್ಮ ನಗಲಿಲ್ಲ. "ನಮ್ಮ ಓಣ್ಯಾಗ ನೀರ್ ಬರೂದೇ ಸಾಲಿ ಟೈಮಿಗ್ರಿ. ಅವ್ವ ಕೆಲಸಕ್ಕ ಹೋಗಿರ್ತಾಳ. ಕೊಡ ಯಾರ್ ತುಂಬಬೇಕ್ರಿ?"

ಟೀಚರ್ ಪುಸ್ತಕ ಮುಚ್ಚಿದರು. "ನೀರಿನ ಟೈಮು ಯಾರು ಗೊತ್ತು ಮಾಡ್ತಾರೆ? ಯಾರಾದ್ರೂ ಹೋಗಿ ಕೇಳಿದೀರಾ?" ಯಾರೂ ಕೇಳಿರಲಿಲ್ಲ. "ಹಾಗಾದ್ರೆ ಇದೇ ಈ ತಿಂಗಳ ಪಾಠ. ಹೋಗೋದು ನೀವು, ಮಾತಾಡೋದೂ ನೀವೇ."

ನೀರಿನ ಕಚೇರಿಯಲ್ಲಿ ಇಂಜಿನಿಯರು ಟೀಚರ್ ಕಡೆ ತಿರುಗಿಯೇ ಮಾತು ಶುರು ಮಾಡಿದರು. "ನನಗಲ್ಲ ಸಾರ್, ಅವರಿಗೆ ಹೇಳಿ" ಎಂದು ಟೀಚರ್ ನನ್ನತ್ತ ಕೈ ತೋರಿಸಿದರು. ಹಾಜರಿ ಕೂಗಿದರೂ ಪಿಸುಗುಟ್ಟುತ್ತಿದ್ದ ನಾನು… ಏನು ಹೇಳಿದೆನೋ. ಮುಂದಿನ ವಾರ ಶರಣಮ್ಮನ ಬೀದಿಗೆ ನಸುಕಿನಲ್ಲೇ ನೀರು ಬಂತು.

ನಮ್ಮ ಸಂಭ್ರಮ ಬಹಳ ಬಾಳಲಿಲ್ಲ. ಹಿಂದಿನ ಬೀದಿಯ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಶಾಲೆಯ ಗೇಟಿಗೆ ಬಂದರು. ನಸುಕಿನ ನೀರು ಅಲ್ಲಿಯವರೆಗೆ ಅವರದಾಗಿತ್ತು.

"ಏನ್ ಟೀಚರಮ್ಮಾ, ಮಕ್ಕಳಿಗೆ ನೀರು ಕಿತ್ಕೊಳ್ಳೋದು ಹೇಳ್ಕೊಡ್ತಿದೀರಾ? ಈಗ ನಾನು ಮಕ್ಕಳಿಗೆ ಡಬ್ಬಿ ಕಟ್ಲಾ, ನೀರು ಹಿಡೀಲಾ?" ಒಬ್ಬಾಕೆ ಎಲ್ಲರಿಗಿಂತ ಜೋರಾಗಿ ಕೂಗಿದಳು.

ನಮಗೆ ಅಳು ಬಂತು. ಟೀಚರ್ ಅಂದರು: "ಅರ್ಧ ಪಾಠ ಆಯ್ತು. ಇವರನ್ನ ಕೇಳದೇ ಹೋದ್ವಲ್ಲ, ಉಳಿದರ್ಧ ಅದು."

ಶನಿವಾರ ಮಧ್ಯಾಹ್ನಕ್ಕೆ ಎರಡೂ ಬೀದಿಯವರನ್ನು ನಾವೇ ಮನೆಮನೆಗೆ ಹೋಗಿ ಕರೆದೆವು. ನಮ್ಮ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತು ಅವರು ಮನಸಾರೆ ಜಗಳವಾಡಿದರು. ಟೀಚರ್ ಕೊನೆಯ ಬೆಂಚಿನಲ್ಲಿ ಕೂತು ಎಲ್ಲವನ್ನೂ ನಮಗೇ ಬಿಟ್ಟರು. ಕಡೆಗೆ, ನಸುಕಿನ ನೀರು ಒಂದು ವಾರ ಆ ಬೀದಿಗೆ, ಒಂದು ವಾರ ಈ ಬೀದಿಗೆ ಎಂದಾಯಿತು. ಇಂಜಿನಿಯರೂ ಆಮೇಲೆ ಒಪ್ಪಿದರು.

"ನಮಗ ತಡಾ ನೀರ್ ಬರೂ ವಾರ ನಾ ಏನ್ ಮಾಡ್ಲ್ರಿ?" ಶರಣಮ್ಮ ಕೇಳಿದಳು.

ಗೇಟಿನಲ್ಲಿ ಕೂಗಾಡಿದಾಕೆಯೇ ಉತ್ತರ ಕೊಟ್ಟಳು: "ಬಿಂದಿಗೆ ಆಚೆ ಇಟ್ಟು ಹೋಗೇ. ಆ ವಾರ ನನ್ನ ನೀರು ಬೇಗ ಆಗಿರುತ್ತೆ, ನಿಂದೂ ತುಂಬಿಸ್ತೀನಿ."

ಶರಣಮ್ಮ ಶಾಲೆ ಬಿಡಲಿಲ್ಲ. ಈಗ ಕೆ.ಆರ್. ಪುರದಲ್ಲಿ ನರ್ಸ್. ಟೀಚರ್ ಮರುವರ್ಷ ವರ್ಗವಾಗಿ ಹೋದರು. ಅವರು ತೀರಿಕೊಂಡ ಸುದ್ದಿಯನ್ನು ಕಳೆದ ತಿಂಗಳು ಅವಳೇ ಹೇಳಿದಳು. ಒಮ್ಮೆ ಹೋಗಿ ನೋಡಬೇಕು ಎಂದುಕೊಂಡೇ ಇದ್ದೆ…

ಮಹದೇವಪುರದ ಈ ವಠಾರದಲ್ಲಿ ನಾನು ಯಾರೊಡನೆಯೂ ಹೆಚ್ಚು ಮಾತಾಡುವವಳಲ್ಲ. ಇವತ್ತು ನೀರು ಬಂದಾಗ ಎದುರುಮನೆಯ ಹುಡುಗಿ ಯೂನಿಫಾರಂ ತೊಟ್ಟು, ಬಿಂದಿಗೆಗಳ ಪಕ್ಕ ನಿಂತು ರಸ್ತೆ ನೋಡುತ್ತಿದ್ದಳು. "ಇಟ್ಟು ಹೋಗು, ನಾನು ಹಿಡಿತೀನಿ" ಎಂದೆ. "ಥ್ಯಾಂಕ್ಸ್ ಅಕ್ಕಾ!" ಎಂದು ಓಡಿದಳು.

ಸಂಜೆ ಅವಳ ಮನೆಗೆ ಹೋಗಬೇಕು. ಆಮೇಲೆ ನೀರಿನ ಕಚೇರಿಗೆ. ಅದಕ್ಕೂ ಮೊದಲು ಹಿಂದಿನ ಬೀದಿಯವರನ್ನು ಕೇಳಬೇಕು.